ಬಿಪಿ ಗುಳಿಗೆ: ಹೆಸರು ಬೇರೆ, ಒಳಗಿನ ಔಷಧ ಒಂದೇ

ಬಿಪಿ ಗುಳಿಗೆಯ ಖಾಲಿ ಸ್ಟ್ರಿಪ್ ಹಿಡಿದು ಬಂದವರನ್ನು ಹುಬ್ಬಳ್ಳಿಯ ನಮ್ಮ ಔಷಧ ಅಂಗಡಿಯ ಕೌಂಟರಿನಲ್ಲಿ ಮೊದಲು ಕೇಳುವುದು, ‘ಮನ್ಯಾಗಿರೋ ಎಲ್ಲಾ ಗುಳಿಗಿ ತಂದೀರೇನ್ರಿ?’ ಅಂತ. ಬಹಳ ಮಂದಿ ತಂದಿರುವುದಿಲ್ಲ. ನವಲಗುಂದದ ಕಡೆಯ ಅಜ್ಜಾರೊಬ್ಬರು ಪುಣ್ಯಕ್ಕೆ ಚೀಲವನ್ನೇ ತಂದಿದ್ದರು.

‘ಎದ್ದ ಕೂಡ್ಲೆ ಕಣ್ಣಿಗೆ ಕತ್ತಲಿ ಬರ್ತೈತ್ರಿ, ಶಕ್ತಿ ಗುಳಿಗಿ ಕೊಡ್ರಿ’ ಎಂದರು. ಸಂಜೆಯ ಗದ್ದಲ, ಹಿಂದೆ ಚೀಟಿ ಚಾಚಿ ನಿಂತ ಜನ. ಬಿಲ್ಲಿಂಗ್ ಹುಡುಗನ ಕೈ ಆಗಲೇ ಬಿ-ಕಾಂಪ್ಲೆಕ್ಸ್ ರ‍್ಯಾಕಿಗೆ ಹೋಗಿತ್ತು. ಅವನನ್ನು ತಡೆದು, ಅಜ್ಜಾರನ್ನು ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಿದರೆ 106/64. ನಿಲ್ಲಿಸಿ ನೋಡಿದರೆ ಒಂದೇ ನಿಮಿಷಕ್ಕೆ ಮೇಲಿನ ಅಂಕಿ 82. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಇಳಿದರೇ ಎಚ್ಚರ ಬೇಕು. ಮತ್ತೆ ಕೂರಿಸಿ, ಚೀಲವನ್ನು ಗಾಜಿನ ಮೇಲೆ ಸುರಿದೆವು.

ಸರ್ಕಾರಿ ದವಾಖಾನೆಯ ಬಿಪಿ ಗುಳಿಗೆ, ಅಮ್ಲೋಡಿಪಿನ್ 5 ಮಿ.ಗ್ರಾಂ. ಹುಬ್ಬಳ್ಳಿಯ ಡಾಕ್ಟರು ಬರೆದದ್ದು ಹೆಸರಿನ ಕೊನೆಗೆ ‘ಎಎಂ’ ಇರುವ ಗುಳಿಗೆ, ಅಂದರೆ ಟೆಲ್ಮಿಸಾರ್ಟಾನ್ 40ರ ಜೊತೆ ಅಮ್ಲೋಡಿಪಿನ್ 5. ಕಾಲು ಬಾತಿದೆಯೆಂದು ಮತ್ತೊಬ್ಬರು ಕೊಟ್ಟ ನೀರಿನ ಗುಳಿಗೆ, ಅಂದರೆ ಮೂತ್ರ ಹೆಚ್ಚು ಮಾಡಿ ಮೈಯ ನೀರು ಇಳಿಸುವಂಥದ್ದು. ಮೊಣಕಾಲು ನೋವಿಗೆ ಅಸೆಕ್ಲೋಫೆನಾಕ್. ದಿನಕ್ಕೆ 10 ಮಿ.ಗ್ರಾಂ ಅಮ್ಲೋಡಿಪಿನ್ ಎಂದು ಯಾರೂ ಬರೆದಿರಲಿಲ್ಲ, ಆದರೂ ಹೊಟ್ಟೆಗೆ ಹೋಗುತ್ತಿತ್ತು. ಕಾಲಿನ ಬಾವು ಅದರದ್ದೇ ಇರಬೇಕು. ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಸಡಿಲಿಸುವುದರಿಂದ ಬರುವ ಬಾವು ನೀರಿನ ಗುಳಿಗೆಗೆ ಅಷ್ಟಾಗಿ ಜಗ್ಗುವುದಿಲ್ಲ. ಮೈಯ ನೀರು ಮಾತ್ರ ಬತ್ತುತ್ತದೆ. ಅದರ ಮೇಲೆ ನೋವಿನ ಗುಳಿಗೆ ಕಿಡ್ನಿಗೆ ರಕ್ತ ತರುವ ನಾಳವನ್ನು ಕಿರಿದಾಗಿಸುತ್ತದೆ, ಟೆಲ್ಮಿಸಾರ್ಟಾನ್ ಹೊರಗೆ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಮೂರೂ ಕೂಡಿದರೆ ಕಿಡ್ನಿಯಲ್ಲಿ ಸೋಸುವ ಒತ್ತಡ ತೀರಾ ಇಳಿಯಬಹುದು.

ಡಾಕ್ಟರು ಫೋನ್ ಎತ್ತುವವರೆಗೆ ಹೊತ್ತೇ ಸರಿಯಲಿಲ್ಲ. ‘ಇದನ್ನ ಬಿಡ್ರಿ’ ಎಂದು ನಾವೇ ಹೇಳುವಂತಿಲ್ಲ, ಆ ಚೀಲವನ್ನು ಹಾಗೇ ಕಟ್ಟಿ ಕಳಿಸುವಂತೆಯೂ ಇಲ್ಲ. ಎಲ್ಲ ಹೆಸರು ಓದಿ ಹೇಳಿದ ಮೇಲೆ ಅವರು ಬಿಡಿ ಅಮ್ಲೋಡಿಪಿನ್, ನೀರಿನ ಗುಳಿಗೆ, ನೋವಿನ ಗುಳಿಗೆ ಮೂರನ್ನೂ ನಿಲ್ಲಿಸಿ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೇಟಿನಿನ್ ಮತ್ತು ಪೊಟ್ಯಾಶಿಯಂ ರಕ್ತಪರೀಕ್ಷೆ ಮಾಡಿಸಿಕೊಂಡು ಮರುದಿನವೇ ಬರಲು ಹೇಳಿದರು. ರಕ್ತದಲ್ಲಿನ ಅಮ್ಲೋಡಿಪಿನ್ ಅರ್ಧದಷ್ಟು ಇಳಿಯಲು 30ರಿಂದ 50 ತಾಸು ಬೇಕು. ಹಾಗಾಗಿ ಇನ್ನೂ ಕೆಲವು ದಿನ ಹಾಸಿಗೆಯ ಅಂಚಿನಲ್ಲಿ ಕೂತು, ತಡೆದು ಏಳಬೇಕೆಂದು ಜೊತೆಗಿದ್ದ ಸೊಸೆಗೆ ಹೇಳಿ ಕಳಿಸಿದೆವು.

ಇಂಥದ್ದನ್ನು ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಹಿಡಿಯುವುದಿಲ್ಲ. ಬ್ರ್ಯಾಂಡ್, ರ‍್ಯಾಕ್ ನಂಬರ್, ರೇಟು ಕಾಣುತ್ತದೆ. ಒಳಗಿನ ಔಷಧ ನೋಡಲು ಬೇರೆ ಪರದೆ ತೆಗೆಯಬೇಕು. ಗದ್ದಲದಲ್ಲಿ ಅದನ್ನು ಯಾರು ತೆಗೆಯುತ್ತಾರೆ? ಕೇಳಿ ಕೇಳಿ ಸಾಕಾಗಿದೆ, ಇನ್ನೂ ಬದಲಾಗಿಲ್ಲ. ಅಲ್ಲಿಯವರೆಗೆ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರವೇ ಗತಿ. ಹೆಸರಿನ ಕೊನೆಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್, ‘ಸಿಟಿ’ ಇದ್ದರೆ ಕ್ಲೋರ್ಥಾಲಿಡೋನ್. ಇವೆರಡೂ ನೀರಿನ ಗುಳಿಗೆಗಳೇ. ಬಾಲ ನೋಡಿ ನಂಬಬೇಡಿ, ಪೂರ್ತಿ ಓದಿ.

ಕತ್ತರಿ ಇನ್ನೊಂದು ತಲೆನೋವು. ಹತ್ತರ ಸ್ಟ್ರಿಪ್ಪಿನಲ್ಲಿ ನಾಲ್ಕು ಕತ್ತರಿಸಿದರೆ ಎಕ್ಸ್‌ಪೈರಿ ಒಂದು ತುಂಡಿಗೆ, ಹೆಸರಿನ ಅರ್ಧ ಇನ್ನೊಂದಕ್ಕೆ ಹೋಗುತ್ತದೆ. ಬಿಡಿ ಕೊಡುವಾಗ ಕವರಿನ ಮೇಲೆ ಔಷಧದ ಹೆಸರು, ಮಿ.ಗ್ರಾಂ, ಹೊತ್ತು, ಎಕ್ಸ್‌ಪೈರಿ ಪೆನ್ನಿನಿಂದ ಬರೆಯಬೇಕು. ಕೊಳ್ಳುವವರೂ ಬರೆಸಿಕೊಳ್ಳಬೇಕು. ತಿಂಗಳ ಗುಳಿಗೆಯನ್ನೆಲ್ಲ ಸ್ಟ್ರಿಪ್ಪಿನಿಂದ ತೆಗೆದು ಸ್ಟೀಲ್ ಡಬ್ಬಿಗೆ ತುಂಬುವವರಿದ್ದಾರೆ. ಟೆಲ್ಮಿಸಾರ್ಟಾನ್ ಗಾಳಿಯ ತೇವ ಹೀರುತ್ತದೆ, ನುಂಗುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಬೇಕು.

ಬೆಳಿಗ್ಗೆ ಮರೆತರೆ ನೆನಪಾದಾಗ ನುಂಗಿ; ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಅದನ್ನು ಬಿಟ್ಟುಬಿಡಿ, ಎರಡು ಕೂಡಿಸಬೇಡಿ. ಶ್ರಾವಣ ಸೋಮವಾರದ ಉಪವಾಸಕ್ಕೆಂದು ದಿನದ ಗುಳಿಗೆ ತಪ್ಪಿಸುವವರು ಬಹಳ. ನೀರಿನ ಜೊತೆ ನುಂಗಬಹುದು. ನೀರೂ ಬಿಡುವ ಉಪವಾಸವಾದರೆ ಮೊದಲೇ ಡಾಕ್ಟರನ್ನು ಕೇಳಿ. ‘ಬಿಪಿ ನಾರ್ಮಲ್ ಬಂತ್ರಿ, ಅದಕ್ಕ ಬಿಟ್ಟೇನ್ರಿ’ ಎನ್ನುವವರಿಗೆ ಹೇಳುವುದಿಷ್ಟೇ: ನಾರ್ಮಲ್ ಬಂದದ್ದು ಗುಳಿಗೆಯಿಂದ. ಅಟೆನೋಲಾಲ್, ಕ್ಲೋನಿಡಿನ್‌ಗಳನ್ನಂತೂ ಒಮ್ಮೆಲೇ ಬಿಟ್ಟರೆ ಬಿಪಿ ಜಿಗಿಯುತ್ತದೆ, ಎದೆನೋವೂ ಬರಬಹುದು.

ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ತೆಗೆದುಕೊಳ್ಳುವವರಿಗೆ ‘ಲೋ ಸೋಡಿಯಂ’ ಉಪ್ಪು ಒಳ್ಳೆಯದಲ್ಲ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಈ ಔಷಧಗಳೂ ರಕ್ತದಲ್ಲಿ ಅದನ್ನು ಏರಿಸಬಲ್ಲವು. ಸಾದಾ ಉಪ್ಪನ್ನೇ ದಿನಕ್ಕೆ 5 ಗ್ರಾಮಿನೊಳಗೆ ಇಡಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ನೆಗಡಿ ಗುಳಿಗೆಯಲ್ಲಿ ಫಿನೈಲೆಫ್ರಿನ್ ಇದೆಯೇ ನೋಡಿ, ಅದು ಬಿಪಿ ಏರಿಸುತ್ತದೆ.

ಕೊಡುವ ಮುನ್ನ ಹೆಣ್ಣುಮಕ್ಕಳನ್ನು ಕೇಳಲೇಬೇಕಾದ ಮಾತೂ ಒಂದಿದೆ, ಸಂಕೋಚಕ್ಕೆ ಬಿಡಬಾರದು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್ ಮೂರೂ ಹೊಟ್ಟೆಯೊಳಗಿನ ಕೂಸಿನ ಕಿಡ್ನಿ ಕೆಡಿಸಬಹುದು. ತಿಂಗಳು ತಪ್ಪಿದ್ದರೆ ಅಥವಾ ಮಗುವಿನ ಯೋಚನೆಯಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಎಂದು ಬದಲಿ ಔಷಧಗಳಿವೆ.