ಎರಡು ಪ್ರತಿ

ಇಂದು ಪಕ್ಕದ ಮನೆಯ ಅಜ್ಜಿ ಒಂದು ಕಾಗದ ಕೊಟ್ಟು, "ಹರಿಯುತ್ತಿದೆ, ಜೆರಾಕ್ಸ್ ಮಾಡಿಸಿಕೊಂಡು ಬಾ" ಎಂದರು.

ಎಫ್‌ಐಆರ್ ಪ್ರತಿ. ಮಗನ ಕೊಲೆಯದು. ಮೂವತ್ತು ವರ್ಷ ಸೀರೆಗಳ ನಡುವೆ ಇಟ್ಟಿದ್ದರು, ನುಸಿಗುಳಿಗೆಯ ವಾಸನೆ ಇನ್ನೂ ಇತ್ತು. ನಾಲ್ಕು ಮಡಿಕೆ. ಸರಿಯಾಗಿ ಮಡಿಕೆಯ ಮೇಲೆಯೇ ಮಗನ ಹೆಸರು. ಶಾಯಿ ಉದುರಿ ಎರಡೇ ಅಕ್ಷರ ಉಳಿದಿವೆ. ಕೆಳಗಿನ ಹೆಬ್ಬೆಟ್ಟಿನ ಗುರುತು ಮಾತ್ರ ಸ್ವಲ್ಪವೂ ಮಾಸಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್‌ ಬೀದಿಯ ಬಿಸಿಲಿನಲ್ಲಿ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಡೆದೆ. ಅಂಗಡಿಯ ಹುಡುಗ ಅದನ್ನು ಅಂಗೈಯಿಂದ ನಿಧಾನವಾಗಿ ಸವರಿ, ಮಡಿಕೆ ಬಿಡಿಸಿ ಗಾಜಿನ ಮೇಲಿಟ್ಟ. ಏನೂ ಕೇಳಲಿಲ್ಲ.

ಆರೋಪಿ ಪತ್ತೆಯಾಗಲಿಲ್ಲವೆಂದು ‘ಸಿ’ ವರದಿ ಹಾಕಿ ಕಡತ ಮುಚ್ಚಿದ್ದರು. ಆದರೆ ನಮ್ಮ ಕಾನೂನಿನಲ್ಲಿ ಕೊಲೆಗೆ ಕಾಲಮಿತಿಯಿಲ್ಲ. ಹೊಸ ಸುಳಿವು ಸಿಕ್ಕರೆ ಮತ್ತೆ ತನಿಖೆ ಮಾಡಬಹುದು. ಕ್ಯಾಲಿಫೋರ್ನಿಯಾದಲ್ಲಿ 1970–80ರ ದಶಕದ ಸರಣಿ ಕೊಲೆಗಾರನನ್ನು 2018ರಲ್ಲಿ ಹಿಡಿದರು. ಜೋಪಾನವಾಗಿಟ್ಟಿದ್ದ ಹಳೆಯ ಮಾದರಿಯ ಡಿಎನ್‌ಎ ಅವನ ದೂರದ ಸಂಬಂಧಿಕರ ಡಿಎನ್‌ಎಗೆ ಹೊಂದಿತ್ತು. ಅಷ್ಟು ವರ್ಷ ಯಾರೋ ಅದನ್ನು ಎಸೆಯದೆ ಕಾಪಾಡಿದ್ದರಲ್ಲ, ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಇಲ್ಲಿಯೂ ಹಳೆಯ ಕಡತಗಳಿಗೆಂದೇ ಒಂದು ತಂಡ ಕೂತರೆ ಎಷ್ಟು ಮನೆಗಳ ಬಾಗಿಲು ತಟ್ಟಬೇಕಾಗುತ್ತದೋ!

ಸಂಜೆ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂತು ಅಜ್ಜಿ ಪ್ರತಿಗಳನ್ನು ಎಣಿಸಿದರು. ಒಂದು ಸಾಕಿತ್ತಲ್ಲ ಎಂದೆ.

"ಒಂದು ನನಗೆ. ಇನ್ನೊಂದು, ಅವರು ಕೇಳಿಕೊಂಡು ಬಂದರೆ ಕೊಡುವುದಕ್ಕೆ."