ಮಾಷ್ಟ್ರ ಮಾರುತಿಯೂ ನಾನು ಸುಮ್ನೆ ಇಳಿಸಿದ ಗೇರ್‌ಬಾಕ್ಸೂ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಒಂದು ಪಿಟ್, ಒಬ್ಬ ಹುಡುಗ, ಮಳೆ ಬಿದ್ದರೆ ಮಾತು ಕೇಳಿಸದ ತಗಡಿನ ಮಾಡು. ಆಗಸ್ಟ್ ಮೊದಲ ವಾರದ ಕೊಡಗಿನ ಹಬ್ಬ ಕಕ್ಕಡ 18 ಕಳೆದು ಎರಡು ದಿನ ಆಗಿತ್ತು, ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಇನ್ನೂ ಉಳಿದಿತ್ತು. ಗಾಳಿಬೀಡು ಕಡೆಯಿಂದ ರಿಟೈರ್ಡ್ ಮಾಷ್ಟ್ರೊಬ್ಬರು ತಮ್ಮ 1997ರ ಮಾರುತಿ 800 ತಂದರು. ಹಿಂದಿನ ಸೀಟಲ್ಲಿ ಒಂದು ರಟ್ಟು. ಶೆಡ್ಡಲ್ಲಿ ಗಾಡಿ ಕೆಳಗೆ ಹಾಸಿದ್ದಂತೆ. ರಟ್ಟಿನ ತುಂಬ ಕಪ್ಪು ಚುಕ್ಕಿ.

"ಆಯಿಲ್ ಸೋರ್ತಾ ಉಂಟು ಮಾರಾಯ, ನೋಡು," ಅಂದರು.

ಪಿಟ್‌ಗೆ ಇಳಿದು ಟಾರ್ಚ್ ಬಿಟ್ಟೆ. ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಒದ್ದೆ. ಬೆರಳಿಗೆ ಹಚ್ಚಿ ಮೂಸಿದೆ. ಗೇರ್ ಆಯಿಲ್ ಆಗಿದ್ದರೆ ಗಂಧಕದ ಥರ ಕೊಳೆತ ವಾಸನೆ ಇರುತ್ತೆ. ಇದು ಇಂಜಿನ್ ಆಯಿಲ್ಲೇ. ಎರಡು ನಿಮಿಷದಲ್ಲಿ ತೀರ್ಪು ಕೊಟ್ಟೆ: "ಹಿಂದಿನ ಕ್ರ್ಯಾಂಕ್ ಸೀಲ್, ಇಂಜಿನ್ ಹಿಂದೆ ಆಯಿಲ್ ತಡೆಯೋ ರಬ್ಬರ್ ಬಳೆ, ಹೋಗಿದೆ ಮಾಷ್ಟ್ರೇ, ಗೇರ್‌ಬಾಕ್ಸ್ ಇಳಿಸಬೇಕು."

ಇಳಿಸಿದೆವು. ಒಂದೂವರೆ ದಿನದ ಕೆಲಸ. ಹೇಗೂ ಬಿಚ್ಚಿದ್ದೀವಿ ಅಂತ ಕ್ಲಚ್ ಪ್ಲೇಟೂ ಹೊಸದು. ಬಿಲ್ ನೋಡಿ ಮಾಷ್ಟ್ರು ಏನೂ ಅನ್ನಲಿಲ್ಲ.

ಮೂರು ವಾರಕ್ಕೆ ಬಂದರು. ಅದೇ ರಟ್ಟು, ಹೊಸ ಚುಕ್ಕಿ.

ಅವತ್ತು ರಾತ್ರಿ ಮಲಗಿದಾಗ ಒಂದು ವಿಷಯ ನೆನಪಾಗಿ ನಿದ್ದೆ ಹೋಯಿತು. ಗೇರ್‌ಬಾಕ್ಸ್ ಇಳಿಸಿದಾಗ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಗೂಡು) ಒಳಗಡೆ ಒಣ ಧೂಳಿತ್ತು. ಕ್ಲಚ್ ಸವೆದ ಬೂದು ಪುಡಿ. ನಾನೇ ಬಾಯಲ್ಲಿ ಊದಿದ್ದೆ, ಹಾರಿತ್ತು. ಹಿಂದಿನ ಸೀಲ್ ಸೋರುತ್ತಿದ್ದರೆ ಅಲ್ಲಿ ಧೂಳು ಹಾರುತ್ತಾ? ಆಯಿಲ್ ಸೇರಿ ಕೆಸರಾಗಿರಬೇಕಿತ್ತು. ತೆಗೆದ ಹಳೇ ಸೀಲ್ ಕೂಡ ಮೆತ್ತಗೇ ಇತ್ತು, ಅಂದರೆ ಕೆಟ್ಟಿರಲಿಲ್ಲ. ಎರಡೂ ಕಣ್ಣಿಗೆ ಬಿದ್ದಿದ್ದವು. ಆದರೆ ಮಾಷ್ಟ್ರಿಗೆ ಸೀಲ್ ಅಂತ ಹೇಳಿಬಿಟ್ಟಿದ್ದೆನಲ್ಲ, ಸೀಲ್ ಹಾಕಿದೆ.

ಮಾರನೇ ದಿನ ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ. ಇಂಜಿನ್ ತೊಳೆದೆ. ಡೀಸೆಲ್, ಬ್ರಷ್, ಸೋಪು ನೀರು. ತೊಳೆಯೋದು ಸುಲಭ, ನಮ್ಮೂರಲ್ಲಿ ಆಗಸ್ಟಲ್ಲಿ ಒಣಗಿಸೋದೇ ಕಷ್ಟ. ಕಂಪ್ರೆಸರ್ ಗಾಳಿ ಹೊಡೆದು, ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಇಂಜಿನ್ ಬಿಸಿ ಮಾಡಿದೆ. ಆಮೇಲೆ ಹುಡುಗನ ಕೈಯಲ್ಲಿ ಮುಖಕ್ಕೆ ಹಾಕೋ ಪೌಡರ್ ಡಬ್ಬಿ ತರಿಸಿ, ಇಂಜಿನ್ ಮೇಲಿನ ಮುಚ್ಚಳ ಟ್ಯಾಪೆಟ್ ಕವರ್‌ನಿಂದ ಬೆಲ್ ಹೌಸಿಂಗ್‌ವರೆಗೆ ಉದುರಿಸಿದೆ. ಗ್ಯಾರೇಜೆಲ್ಲಾ ಮಲ್ಲಿಗೆ ವಾಸನೆ. ಸಂಪಾಜೆ ಘಾಟಿ ರಸ್ತೆಯಲ್ಲಿ ಕಾಟಕೇರಿವರೆಗೆ ಇಳಿದು, ಏರಿಕೊಂಡು ವಾಪಸ್ ಬಂದೆ. ಏರು ಬೇಕು, ಇಂಜಿನ್‌ಗೆ ಭಾರ ಬಿದ್ದರೇ ಸೋರುವ ಜಾಗ ಬಾಯಿ ಬಿಡೋದು.

ಬಾನೆಟ್ ಎತ್ತಿದರೆ ಬಿಳಿ ಪೌಡರ್ ಮೇಲೆ ಒಂದೇ ಒಂದು ಕಪ್ಪು ಗೆರೆ. ಶುರುವಾಗಿದ್ದು ಮೇಲಿಂದ, ಡಿಸ್ಟ್ರಿಬ್ಯೂಟರ್ ಕೆಳಗಿನಿಂದ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚೋದು ಇದೇ, ನಾವು ಡೆಲ್ಕೊ ಅಂತೀವಿ. ಈ ಇಂಜಿನ್‌ನಲ್ಲಿ ಅದು ಹೆಡ್‌ನ (ಇಂಜಿನ್ ಮೇಲ್ಭಾಗದ) ತುದಿಯಲ್ಲಿ, ಗೇರ್‌ಬಾಕ್ಸ್ ಇರುವ ಕಡೆಗೇ ಕೂತಿರುತ್ತೆ. ಅಲ್ಲಿ ಜಿನುಗಿದ ಆಯಿಲ್ ಹೆಡ್ ಮೇಲಿಂದ ಜಾರಿ ಬೆಲ್ ಹೌಸಿಂಗ್ ಮೇಲೆ ಬಿದ್ದು ಕೆಳಗೆ ತೊಟ್ಟಿಕ್ಕುತ್ತೆ. ಕೆಳಗೆ ನಿಂತು ನೋಡಿದವನಿಗೆ ಅದು ಸೀಲ್ ಥರಾನೇ ಕಾಣುತ್ತೆ. ಆಯಿಲ್ ಕೆಳಗೆ ಇಳಿಯುತ್ತೆ, ಗಾಳಿ ಹೊಡೆದರೆ ಹಿಂದೆ ಹೋಗುತ್ತೆ. ಹಾಗಾಗಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆ ಎಲ್ಲಿದೆ ಅಂತ ನೋಡಬೇಕಿತ್ತು. ನಾನು ಹನಿ ಬೀಳೋ ಜಾಗ ನೋಡಿದ್ದೆ.

ಡೆಲ್ಕೊ ಕ್ಯಾಪ್ ತೆಗೆದೆ. ಒಳಗೆ ಒಣಗಿತ್ತು, ಅಂದರೆ ಒಳಗಿನ ಸೀಲ್ ಸರಿ ಇದೆ, ಹೋಗಿರೋದು ಹೊರಗಿನ ಓರಿಂಗ್. ಬಿಚ್ಚೋ ಮುಂಚೆ ಅದರೊಳಗೆ ತಿರುಗೋ ರೋಟರ್ ಯಾವ ಕಡೆ ನೋಡ್ತಿದೆ ಅಂತ ಗುರುತು ಹಾಕಿದೆ. ಡೆಲ್ಕೊ ಬಾಡಿಗೂ ಹೆಡ್‌ಗೂ ಸೇರಿಸಿ ಸ್ಕ್ರೂಡ್ರೈವರ್ ತುದಿಯಲ್ಲಿ ಒಂದು ಗೀಟು ಎಳೆದೆ. ಇಲ್ಲದಿದ್ದರೆ ಕಿಡಿ ಹಾರೋ ಟೈಮಿಂಗ್ ತಪ್ಪಿ ಇನ್ನೊಂದು ತಲೆನೋವು. ಓರಿಂಗ್ ಕೈಗೆ ಬಂದಾಗ ರಬ್ಬರ್ ಅನ್ನೋ ಹಾಗಿರಲಿಲ್ಲ. ಪ್ಲಾಸ್ಟಿಕ್ ಬಳೆ ಥರ ಗಟ್ಟಿ. ಮಡಿಸಿದೆ, ಟಕ್ ಅಂತ ಮುರೀತು. ಹೊಸದರ ಬೆಲೆ ಆ ಪೌಡರ್ ಡಬ್ಬಿಗಿಂತ ಕಮ್ಮಿ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಹತ್ತು ದಿನಕ್ಕೆ ಫೋನ್. ಈ ಸಲ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸುತ್ತ ಜಿನುಗು. ನಮ್ಮ ಹುಡುಗ ಸ್ಪ್ಯಾನರ್ ತಗೊಂಡು ಬಿಗಿ ಮಾಡೋಕೆ ಹೊರಟ. ತಡೆದೆ. ಜಾಸ್ತಿ ಬಿಗಿ ಮಾಡಿದರೆ ರಬ್ಬರ್ ಹಿಸುಕಿ ಹೊರಗೆ ಉಬ್ಬುತ್ತೆ, ಸೋರೋದು ಹೆಚ್ಚಾಗುತ್ತೆ. ಅದಕ್ಕಿಂತ ಮುಖ್ಯ, ಒಂದು ಮುಚ್ಚಿದರೆ ಇನ್ನೊಂದು ಕಡೆ ಬರ್ತಿದೆ ಅಂದರೆ ಒಳಗಿನಿಂದ ಯಾರೋ ತಳ್ತಾ ಇದ್ದಾರೆ ಅಂತ ಅರ್ಥ ಅಲ್ವಾ?

ಆಗ ಮಾಷ್ಟ್ರನ್ನ ಕೂರಿಸಿ ಕೇಳಿದೆ, ಗಾಡಿ ಎಲ್ಲೆಲ್ಲಿ ಓಡುತ್ತೆ ಅಂತ.

"ಮಳೆಗಾಲದಲ್ಲಿ ಎಲ್ಲಿಗೆ ಹೋಗ್ಲಿ? ಬೆಳಿಗ್ಗೆ ಹಾಲಿನ ಡೈರಿಗೆ, ಸಂಜೆ ಪೇಪರ್ ತರಲಿಕ್ಕೆ. ಎರಡೆರಡು ಕಿಲೋಮೀಟರ್."

ಆಯಿಲ್ ಹಾಕೋ ಮುಚ್ಚಳ ತಿರುಗಿಸಿದೆ. ಅಡಿಯಲ್ಲಿ ಹಾಲು ಜಾಸ್ತಿ ಹಾಕಿದ ಕಾಫಿಯ ನೊರೆಯಂಥ ಕೆನೆ. ಹುಡುಗ ಗಾಬರಿಯಾಗಿ "ಹೆಡ್ ಗ್ಯಾಸ್ಕೆಟ್ ಹೋಯ್ತಣ್ಣ" ಅಂದ. ಅದು ಹೋದರೂ ನೀರು ಆಯಿಲ್‌ಗೆ ಸೇರಿ ಹೀಗೇ ಕೆನೆ ಕಟ್ಟುತ್ತೆ. ಆದರೆ ರೇಡಿಯೇಟರ್ ನೀರು ಕಮ್ಮಿಯಾಗಿರಲಿಲ್ಲ, ನೀರಲ್ಲಿ ಎಣ್ಣೆ ಇರಲಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬಣ್ಣ ಸರಿ ಇತ್ತು. ಹೆಡ್ ಗ್ಯಾಸ್ಕೆಟ್ ಅಲ್ಲ. ಇಂಜಿನ್ ಪೂರ್ತಿ ಬಿಸಿಯಾಗೋ ಮುಂಚೆ ಆಫ್ ಆಗ್ತಿದೆ, ಒಳಗಿನ ನೀರಾವಿ ಹೊರಗೆ ಹೋಗದೆ ಆಯಿಲ್ ಜೊತೆ ಸೇರಿ ಕೆನೆ ಕಟ್ತಿದೆ. ನಮ್ಮ ಥಂಡಿ, ಮಂಜು, ಮೂರು ತಿಂಗಳ ಮಳೆಗೆ ಇದು ಆಗದಿದ್ದರೇ ಆಶ್ಚರ್ಯ.

ಟ್ಯಾಪೆಟ್ ಕವರ್‌ನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಹೋಗುವ ಬ್ರೀದರ್ ಹೋಸ್ ಕಿತ್ತೆ. ಒಂದು ತುದಿಯಿಂದ ಊದಿದರೆ ಗಾಳಿ ಹೋಗಲಿಲ್ಲ. ತಂತಿ ಹಾಕಿದಾಗ ಅದೇ ಕೆನೆ ಬೆರಳು ದಪ್ಪಕ್ಕೆ ಹೊರಗೆ ಬಂತು. ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುವ ಗ್ಯಾಸ್ ಈ ದಾರಿಯಲ್ಲೇ ಹೊರಗೆ ಹೋಗಬೇಕು. ದಾರಿ ಮುಚ್ಚಿದರೆ ಒಳಗೆ ಪ್ರೆಶರ್ ಏರುತ್ತೆ, ಯಾವ ರಬ್ಬರ್ ಸೋತಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತೆ. ಹೋಸ್ ಬದಲಿಸಿದೆ, ಕವರ್ ಒಳಗಿನ ದಾರಿ ತೊಳೆದೆ, ಪ್ಯಾಕಿಂಗ್, ಆಯಿಲ್, ಫಿಲ್ಟರ್ ಹೊಸದು ಹಾಕಿದೆ. ಇಂಜಿನ್ ಓಡುವಾಗ ಮುಚ್ಚಳ ತೆಗೆದು ಬಾಯಿಗೆ ಅಂಗೈ ಇಟ್ಟರೆ ಮೊದಲು ಬುಸ್ ಬುಸ್ ಅಂತ ತಳ್ಳುತ್ತಿತ್ತು. ಈಗ ಇಲ್ಲ. ಹೋಸ್ ಸ್ವಚ್ಛ ಇದ್ದೂ ತಳ್ಳುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ, ಅದು ಬೇರೆ ಖರ್ಚಿನ ಕಥೆ.

ಸೀಲ್ ಕೆಲಸದ ಕೂಲಿ ವಾಪಸ್ ಕೊಟ್ಟೆ. ಮಾಷ್ಟ್ರು ಅರ್ಧ ಮಾತ್ರ ತಗೊಂಡರು, ಕ್ಲಚ್ ಚೆನ್ನಾಗಿ ಹಿಡೀತಿದೆ ಅಂದರು. ವಾರಕ್ಕೊಮ್ಮೆಯಾದರೂ ಕುಶಾಲನಗರದವರೆಗೆ ಹೋಗಿಬನ್ನಿ ಅಂತ ಹೇಳಿದ್ದೇನೆ, ಇಂಜಿನ್ ಬೆವರಬೇಕು. ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್ ಹತ್ತಿರ ಇನ್ನೂ ಸ್ವಲ್ಪ ತೇವ ಇದೆ. ಹನಿ ಬೀಳೋದಿಲ್ಲ, ಹಾಗೇ ಬಿಟ್ಟಿದ್ದೇನೆ. ಮಾಷ್ಟ್ರು ಭಾನುವಾರ ಭಾನುವಾರ ಡಿಪ್‌ಸ್ಟಿಕ್ ನೋಡ್ತಾರೆ. ಅಕ್ಟೋಬರಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗಲಿ, ಮಳೆ ಬಿಟ್ಟ ಮೇಲೆ ಸಂಪ್ ಬಿಚ್ಚೋಣ ಅಂತ ಮಾತಾಗಿದೆ. ರಟ್ಟು ಮಾತ್ರ ಇನ್ನೂ ಶೆಡ್ಡಲ್ಲೇ ಇದೆಯಂತೆ.