ಅಮ್ಮನ ಹಳೇ ಫೋನಿನ ಜೊತೆ ಮೂರು ದಿನ

ಜುಲೈ ಎರಡನೇ ವಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮಳೆ ಬಿಡದೆ ಹಿಡಿದುಕೊಂಡಿತ್ತು. ಬೆಳಿಗ್ಗೆ ಏಳಕ್ಕೇ ಪಕ್ಕದ ಮನೆಯವರ ನಂಬರಿನಿಂದ ಅಮ್ಮ ಫೋನ್ ಮಾಡಿದಳು. "ನನ್ನ ಫೋನು ಹೋಯ್ತು ಕಣೇ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ರೂ ಏಳ್ತಾನೇ ಇಲ್ಲ." ಹೊಸದು ಆರ್ಡರ್ ಮಾಡ್ತೀನಿ ಅಂತ ತಮ್ಮ ಆಗಲೇ ಹೇಳಿದ್ದನಂತೆ. ಅಮ್ಮ ಬೇಡ ಅಂದಿದ್ದಾಳೆ.

ಯಾಕೆ ಬೇಡ ಅಂದಳು ಅಂತ ನನಗೆ ಗೊತ್ತು. ಆ ಫೋನ್ ಕೊಡಿಸಿದ್ದು 2018ರ ದೀಪಾವಳಿಗೆ. 3 ಜಿಬಿ ರ‍್ಯಾಮ್, 32 ಜಿಬಿ ಜಾಗ, ಆಂಡ್ರಾಯ್ಡ್ 8. ಈಗಿನ ಲೆಕ್ಕದಲ್ಲಿ ಅದು ತೀರಾ ಹಳೆಯದು. ಆದರೆ ಅಮ್ಮನ ಬೆರಳಿಗೆ ಅದು ಗೊತ್ತು. ವಾಟ್ಸಾಪಿನ ಹಸಿರು ಗುರುತು ಎಲ್ಲಿದೆ, ಅದರ ಕೆಳಗೆ ಕ್ಯಾಮೆರಾ, ಎಡಗಡೆ ಮೂಲೆಯಲ್ಲಿ ಟಾರ್ಚು. ಕನ್ನಡಕ ಇಲ್ಲದೆಯೂ ನನಗೆ ಕಾಲ್ ಮಾಡುತ್ತಾಳೆ. ಇಷ್ಟು ರೂಢಿಯಾಗಲು ಅವಳಿಗೆ ಎರಡು ವರ್ಷ ಹಿಡಿದಿದೆ. ಹೊಸ ಫೋನ್ ಅಂದರೆ ಎಲ್ಲವನ್ನೂ ಮತ್ತೆ ಮೊದಲಿಂದ ಕಲಿಯಬೇಕು. ಅರವತ್ತೆಂಟರ ವಯಸ್ಸಿನಲ್ಲಿ ಅದು ಸಣ್ಣ ವಿಷಯ ಅಲ್ಲ. ಎರಡು ದಿನ ರಜೆ ಹಾಕಿ, ಶನಿವಾರ ಸೇರಿಸಿಕೊಂಡು ರಾತ್ರಿ ಬಸ್ಸು ಹತ್ತಿದೆ.

ನನ್ನದು ಅಕೌಂಟ್ಸ್ ಕೆಲಸ. ಲೆಕ್ಕ ತಾಳೆಯಾಗದಿದ್ದರೆ ನಾವು ಮೊದಲನೇ ಸಾಲಿಂದ ಒಂದೊಂದೇ ನೋಡುತ್ತಾ ಬರುತ್ತೇವೆ. ಹಳೇ ಫೋನಿಗೂ ನಾನು ಹಾಗೇ ಮಾಡುವುದು. ಚಾರ್ಜ್ ಆಗುತ್ತಿಲ್ಲ ಅಂದರೆ ಪ್ಲಗ್ಗಿನಲ್ಲಿ ಕರೆಂಟ್ ಇದೆಯಾ, ಚಾರ್ಜರ್ ಸರಿ ಇದೆಯಾ, ವೈರ್ ಸರಿ ಇದೆಯಾ, ಪಿನ್ ಹಾಕುವ ತೂತು ಸರಿ ಇದೆಯಾ, ಆಮೇಲೆ ಬ್ಯಾಟರಿ. ಈ ಸಾಲು ತಪ್ಪಿಸಬಾರದು.

ಚಾರ್ಜರ್ ನೋಡಿದೆ. ಫೋನಿನ ಜೊತೆ ಬಂದದ್ದು ಹಿಂದಿನ ವರ್ಷ ಸಿಡಿಲಿಗೆ ಸುಟ್ಟುಹೋಗಿತ್ತು. ಅಮ್ಮ ಹಾಕುತ್ತಿದ್ದದ್ದು ಅಪ್ಪನ ಹಳೇ ಬಟನ್ ಫೋನಿನ ಚಾರ್ಜರ್. ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 5 ವೋಲ್ಟ್, 550 ಮಿಲಿ ಆಂಪಿಯರ್ ಅಂತ ಇತ್ತು. ಅಮ್ಮನ ಫೋನಿನ ಬ್ಯಾಟರಿ 4,000 ಮಿಲಿ ಆಂಪಿಯರ್ ಅವರ್. ಲೆಕ್ಕ ಹಾಕಿ ನೋಡಿ, ಫೋನ್ ಏನೂ ತಿನ್ನದೆ ಸುಮ್ನೆ ಮಲಗಿದ್ದರೂ ತುಂಬಲು ಏಳೆಂಟು ಗಂಟೆ ಬೇಕು. ನನ್ನ 2 ಆಂಪಿಯರ್ ಚಾರ್ಜರ್, ನನ್ನ ವೈರ್ ಹಾಕಿದೆ. ಆದರೂ ಏನೂ ಆಗಲಿಲ್ಲ. ಪಿನ್ ಪೂರ್ತಿ ಒಳಗೆ ಹೋಗುತ್ತಲೇ ಇರಲಿಲ್ಲ. ಒಂದು ಎಳ್ಳಿನಷ್ಟು ಹೊರಗೇ ನಿಲ್ಲುತ್ತಿತ್ತು.

ಕಿಟಕಿ ಹತ್ತಿರ ಕೂತು ನನ್ನ ಫೋನಿನ ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದೆ. ಬೂದು ಬಣ್ಣದ ಗೋಡೆ ಇದ್ದ ಹಾಗೆ ಇತ್ತು. ಅಮ್ಮ ಫೋನನ್ನು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಪಿನ್ ಕಡೆ ಕೆಳಗೆ. ಏಳು ವರ್ಷದ ಹತ್ತಿಸೀರೆಯ ನೂಲು ಒಳಗೆ ಹೋಗಿ ಕೂತಿದೆ. ಪ್ರತಿ ಸಲ ಪಿನ್ ಹಾಕಿದಾಗ ಅದನ್ನು ಇನ್ನಷ್ಟು ಒತ್ತಿ ಒತ್ತಿ ಗಟ್ಟಿ ಮಾಡಿದೆ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಲ್ಲಿ ಚಪ್ಪಟೆ ಮಾಡಿಕೊಂಡೆ. ಒಂದು ಬದಿಯಿಂದ ಮೆಲ್ಲಗೆ ಒಳಗೆ ಜಾರಿಸಿ ಹೊರಗೆ ಎಳೆದೆ. ಮೊದಲು ಬರೀ ಧೂಳು. ಮೂರನೇ ಸಲಕ್ಕೆ ಒಂದು ತುಂಡು ಇಡಿಯಾಗಿ ಬಂತು. ಕಂಬಳಿಯ ಚೂರಿನ ಹಾಗೆ ಒತ್ತಾಗಿತ್ತು, ಪಿನ್ನಿನ ಅಚ್ಚು ಅದರ ಮೇಲೆ ಬಿದ್ದಿತ್ತು. ಅದರಲ್ಲಿ ಒಂದು ಹಳದಿ ಎಳೆ, ಒಂದು ಕೆಂಪು ಎಳೆ. "ಇದು ಆ ಇಳಕಲ್ ಸೀರೇದು" ಅಂತ ಅಮ್ಮ ಕೈಯಲ್ಲಿ ಹಿಡಿದು ಗುರುತು ಹಿಡಿದಳು.

ಒಂದು ಮಾತು. ಸೂಜಿ, ಸೇಫ್ಟಿ ಪಿನ್, ಹೇರ್‌ಪಿನ್ ಯಾವುದನ್ನೂ ಹಾಕಬೇಡಿ. ಒಳಗೆ ನಡುವೆ ತೆಳ್ಳಗೆ ನಾಲಗೆಯಂಥದ್ದು ಇರುತ್ತದೆ. ಅದು ಮುರಿದರೆ ಬೋರ್ಡ್ ಬಿಚ್ಚಿ ಹೊಸದು ಕೂರಿಸಬೇಕು. ಫೋನ್ ಆಫ್ ಇರಲಿ, ಬಾಯಿಂದ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಪಿನ್ ಸಡಿಲ ಅನ್ನಿಸಿದರೆ ಮೊದಲು ಹೊಸ ವೈರ್ ಹಾಕಿ ನೋಡಿ. ಹಳೇ ಮೈಕ್ರೋ ಯುಎಸ್‌ಬಿಯಲ್ಲಿ ಹಿಡಿದುಕೊಳ್ಳುವ ಸ್ಪ್ರಿಂಗ್ ಇರುವುದು ವೈರಿನ ತುದಿಯಲ್ಲಿ, ಫೋನಿನಲ್ಲಲ್ಲ. ಸವೆಯುವುದಾದರೆ ಮೊದಲು ಅದು ಸವೆಯಲಿ ಅಂತಲೇ ಹಾಗೆ ಮಾಡಿದ್ದಾರೆ.

ಪಿನ್ ಟಕ್ ಅಂತ ಕೂತಿತು. ಆದರೂ ಸ್ಕ್ರೀನ್ ಕಪ್ಪು. ಇಲ್ಲಿ ತುಂಬಾ ಜನ ಆಸೆ ಬಿಡುತ್ತಾರೆ. ಪೂರ್ತಿ ಖಾಲಿಯಾದ ಬ್ಯಾಟರಿಗೆ ಫೋನು ಮೊದಲು ಸ್ವಲ್ಪ ಸ್ವಲ್ಪವೇ ಕರೆಂಟ್ ಬಿಡುತ್ತದೆ, ಆಗ ಸ್ಕ್ರೀನಿನಲ್ಲಿ ಏನೂ ಕಾಣದೇ ಇರಬಹುದು. ಅರ್ಧ ಗಂಟೆ ಕಾಯಬೇಕು. ಅಮ್ಮ ದೋಸೆ ಹುಯ್ದು ಕೊಟ್ಟಳು. ನಾಲ್ಕನೇ ದೋಸೆ ಹೊತ್ತಿಗೆ ಬ್ಯಾಟರಿ ಚಿತ್ರ ಬಂತು.

ಮಧ್ಯಾಹ್ನ ಚಾರ್ಜ್ ಶೇಕಡ 28 ಇದ್ದಾಗ ಅಮ್ಮ ಕ್ಯಾಮೆರಾ ತೆಗೆದಳು. ಫೋನ್ ತಟ್ಟನೆ ಆಫ್ ಆಯಿತು. ಆಗ ನಾನು ಹಿಂದಿನ ಪೌಚ್ ಬಿಚ್ಚಿದೆ. ಎದೆ ಧಸಕ್ ಅಂತು. ಬೆನ್ನಿನ ಮುಚ್ಚಳ ಎಡಗಡೆ ಉಗುರು ತೂರುವಷ್ಟು ಎದ್ದಿತ್ತು. "ಅದು ಬಿಚ್ಕೊಳ್ತಾ ಇತ್ತು, ಅದಕ್ಕೇ ಈ ಪೌಚ್ ಬಿಗಿಯಾಗಿ ಹಾಕಿದೆ" ಅಂದಳು ಅಮ್ಮ. ಬ್ಯಾಟರಿ ಉಬ್ಬಿದೆ ಅಂದರೆ ಒಳಗೆ ಗ್ಯಾಸ್ ತುಂಬಿದೆ ಅಂತ ಅರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು, ದಿಂಬಿನ ಕೆಳಗಂತೂ ಇಡಲೇಬಾರದು. ನಾನು ಎಲ್ಲಕ್ಕಿಂತ ಮೊದಲು ಪೌಚ್ ಬಿಚ್ಚಿ ನೋಡಬೇಕಿತ್ತು. ನೀವು ಅಲ್ಲಿಂದಲೇ ಶುರು ಮಾಡಿ. ದಯವಿಟ್ಟು ಇವತ್ತೇ ನಿಮ್ಮ ಅಪ್ಪ ಅಮ್ಮನ ಫೋನಿನ ಕವರ್ ತೆಗೆದು, ಮೇಜಿನ ಮೇಲೆ ಮಲಗಿಸಿ ನೋಡಿ. ಮುಚ್ಚಳ ಎದ್ದಿದ್ದರೆ, ಅಥವಾ ಕ್ಯಾಮೆರಾ ಉಬ್ಬಿಲ್ಲದ ಫೋನೂ ಸಪಾಟಾಗಿ ಕೂರದೆ ಅಲುಗಾಡಿದರೆ ಅಂಗಡಿಗೆ ಒಯ್ಯಿರಿ.

ಲಿಥಿಯಂ ಬ್ಯಾಟರಿ ಸುಮಾರು 500 ಸಲ ಪೂರ್ತಿ ತುಂಬಿ ಖಾಲಿಯಾಗುವ ಹೊತ್ತಿಗೆ ಹೊಸದರಲ್ಲಿ ಇದ್ದ ಶಕ್ತಿಯ ಐದರಲ್ಲಿ ಒಂದು ಪಾಲು ಕಳೆದುಕೊಂಡಿರುತ್ತದೆ. ಬಿಸಿ ತಾಗಿದರೆ ಇನ್ನೂ ಬೇಗ. ಅಮ್ಮ ಚಾರ್ಜಿಗೆ ಹಾಕುವ ಪ್ಲಗ್ ಇರುವುದು ಬಚ್ಚಲ ಒಲೆಯ ಗೋಡೆಯಲ್ಲಿ! ಮೇಲಿಂದ ನಮ್ಮಲ್ಲಿ ಸಿಗ್ನಲ್ ಕಮ್ಮಿ. ಟವರ್ ದೂರ ಇದ್ದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಕೂಗಬೇಕು, ಸಿಗದಿದ್ದರೆ ಮತ್ತೆ ಮತ್ತೆ ಹುಡುಕಬೇಕು. ಬೆಂಗಳೂರಲ್ಲಿ ಎರಡು ದಿನ ಬರುವ ಬ್ಯಾಟರಿ ಊರಲ್ಲಿ ಸಂಜೆಗೇ ಮುಗಿಯುವುದು ಇದಕ್ಕೇ. ಇನ್ನು 28ರಲ್ಲಿ ಆಫ್ ಆಗಿದ್ದು ಯಾಕೆ? ಹಳೇ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು. ಕ್ಯಾಮೆರಾ ಕೇಳಿದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ.

ಮರುದಿನ ಸಾಗರ ಪೇಟೆ. ಬ್ಯಾಟರಿ, ಕೂಲಿ ಎಲ್ಲ ಸೇರಿ 850 ರೂಪಾಯಿ, ಮುಕ್ಕಾಲು ಗಂಟೆ. ರಿಪೇರಿ ಹುಡುಗ ತುಂಬಾ ನಾಜೂಕಾಗಿ ಮಾಡಿದ. ಹಳೇ ಬ್ಯಾಟರಿ ಹೊರಗೆ ತೆಗೆದಾಗ ಪುಟ್ಟ ತಲೆದಿಂಬಿನ ಹಾಗಿತ್ತು. ಕೊನೆಗೆ "ಸ್ಲೋ ಇದೆ ಅಕ್ಕಾ, ಒಂದ್ಸಲ ಫಾರ್ಮ್ಯಾಟ್ ಹೊಡೀಲಾ?" ಅಂದ. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು. ಬೇಡ ಅಂದೆ.

ಯಾಕೆ ಅಂದರೆ ನನ್ನ ಚಿಕ್ಕಮ್ಮನ ಫೋನು. ಎರಡು ವರ್ಷದ ಹಿಂದೆ ಯಾರೋ ಹೀಗೇ ಫಾರ್ಮ್ಯಾಟ್ ಮಾಡಿಕೊಟ್ಟರು. ಆನ್ ಮಾಡಿದರೆ ಮೊದಲು ಇದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೊಡಿ ಅಂತ ಕೇಳಿತು. ಆಂಡ್ರಾಯ್ಡ್ 5.1ರಿಂದ ಈಚೆಗೆ ಹಾಗೇ, ಕದ್ದವರಿಗೆ ಉಪಯೋಗಕ್ಕೆ ಬರಬಾರದು ಅಂತ. ಆದರೆ ಚಿಕ್ಕಮ್ಮನಿಗೆ ತನಗೊಂದು ಖಾತೆ ಇದೆ ಅಂತಲೇ ಗೊತ್ತಿರಲಿಲ್ಲ. ಕೊಂಡ ದಿನ ಅಂಗಡಿಯ ಹುಡುಗ ತಾನೇ ಒಂದು ಐಡಿ, ಒಂದು ಪಾಸ್‌ವರ್ಡ್ ಹಾಕಿ ಫೋನ್ ಕೈಗೆ ಕೊಟ್ಟಿದ್ದ. ಅವನು ಆ ಅಂಗಡಿ ಬಿಟ್ಟು ಹೋಗಿ ಎಷ್ಟೋ ಕಾಲ ಆಗಿತ್ತು. ನಮ್ಮ ಊರುಕಡೆ ಎಷ್ಟು ಜನ ಹಿರಿಯರ ಫೋನು ಹೀಗೇ ಇರಬಹುದು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವರ ಫೋನು, ಅವರ ಫೋಟೋ, ಬೀಗದ ಕೈ ಮಾತ್ರ ಬೇರೆ ಯಾರದೋ ಹತ್ತಿರ. ಅಮ್ಮನ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಖಾತೆ ಯಾವುದು ನೋಡಿದೆ. ಪಾಸ್‌ವರ್ಡ್ ಬದಲಿಸಿದೆ. ನನ್ನ ನಂಬರನ್ನೂ ಖಾತೆ ವಾಪಸ್ ಪಡೆಯಲು ಸೇರಿಸಿದೆ. ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಎಲ್ಲ ಬರೆದುಕೊಂಡಳು.

ಮನೆಗೆ ಬಂದರೆ ವಾಟ್ಸಾಪ್ ತೆರೆಯುತ್ತಿಲ್ಲ. ಫೋನಿನ ತಾರೀಕು ತಪ್ಪಾಗಿದೆ ಅನ್ನುತ್ತದೆ. ನೋಡಿದರೆ 1970ರ ಜನವರಿ 1. ಬ್ಯಾಟರಿ ಬಿಚ್ಚಿದಾಗ ಗಡಿಯಾರ ನಿಂತಿದೆ. ಫೋನುಗಳು ಕಾಲವನ್ನು ಎಣಿಸುವುದೇ ಆ ದಿನದಿಂದ. ಎದುರಿಗಿರುವುದು ಅಸಲಿ ಅಂತ ತೋರಿಸುವ ಇಂಟರ್ನೆಟ್ಟಿನ ಸುರಕ್ಷತೆಯ ಪತ್ರಗಳಿಗೆಲ್ಲ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. ತಾರೀಕು ಇಷ್ಟೊಂದು ತಪ್ಪಿದರೆ ಫೋನು ಯಾವ ಪತ್ರವನ್ನೂ ಒಪ್ಪುವುದಿಲ್ಲ. ದಿನಾಂಕ ಮತ್ತು ಸಮಯದಲ್ಲಿ ತಾನಾಗಿ ಹೊಂದಿಸಿಕೊಳ್ಳುವುದನ್ನು ಆನ್ ಮಾಡಿದೆ, ಮುಗಿಯಿತು. ಎರಡು ನಿಮಿಷದ ಕೆಲಸ, ಆದರೆ ಗೊತ್ತಿಲ್ಲದಿದ್ದರೆ ಇಡೀ ಫೋನೇ ಕೆಟ್ಟಿದೆ ಅನ್ನಿಸುತ್ತದೆ.

ಮೂರನೇ ದಿನ ಜಾಗ ಖಾಲಿ ಮಾಡುವ ಕೆಲಸ. 32 ಜಿಬಿಯಲ್ಲಿ ಉಳಿದಿದ್ದು 400 ಎಂಬಿ. ಅಮ್ಮ "ಇಷ್ಟೊಂದು ನಿಧಾನ ಯಾಕೆ?" ಅಂತ ಕೇಳಿದಳು. ಅಡಿಕೆ ಒಣಗಿಸುವ ಅಂಗಳದ ಲೆಕ್ಕದಲ್ಲಿ ಹೇಳಿದೆ. ಅಂಗಳ ಅರ್ಧ ಖಾಲಿ ಇದ್ದರೆ ಹೊಸ ಅಡಿಕೆ ತಂದು ಸುರಿದು ಹರಡಿದರಾಯಿತು. ಅಂಗಳ ತುಂಬಿದ್ದರೆ ಮೊದಲು ಒಂದು ಮೂಲೆಯದನ್ನು ಗುಡ್ಡೆ ಮಾಡಿ, ಆ ಜಾಗ ಗುಡಿಸಿ, ಆಮೇಲೆ ಹರಡಬೇಕು. ಫೋನಿನ ಒಳಗಿನ ಸ್ಟೋರೇಜಿನಲ್ಲೂ ಹಾಗೇ, ಹೊಸದು ಬರೆಯುವ ಮೊದಲು ಹಳೇ ಜಾಗ ಅಳಿಸಿ ಸಿದ್ಧ ಮಾಡಬೇಕು. ಅಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಫೋಟೋಗಳನ್ನೆಲ್ಲ ಮೊದಲು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಆಮೇಲೆ ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಮತ್ತು ಡೇಟಾ, ಅಲ್ಲಿ ಸ್ಟೋರೇಜ್ ನಿರ್ವಹಣೆ. 5 ಎಂಬಿಗಿಂತ ದೊಡ್ಡವು, ತುಂಬಾ ಸಲ ಫಾರ್ವರ್ಡ್ ಆದವು ಅಂತ ಅದೇ ಬೇರೆ ಮಾಡಿ ತೋರಿಸುತ್ತದೆ. ಅಮ್ಮನ ಜೊತೆ ಕೂತೇ ಅಳಿಸಿದೆ, ಅವಳನ್ನು ಕೇಳದೆ ಒಂದನ್ನೂ ಅಳಿಸಲಿಲ್ಲ. ಕರುವಿನ ವಿಡಿಯೋ ಇರಲಿ ಅಂದಳು, ಇಟ್ಟೆವು. ಒಂದೇ ಗಣಪತಿಯ ಶುಭೋದಯ ಚಿತ್ರ ಎಂಟು ಗುಂಪಿನಿಂದ ಬಂದಿತ್ತು, ಒಂದು ಸಾಕು ಅಂದಳು. ಸಂಜೆಗೆ 11 ಜಿಬಿ ಖಾಲಿ. ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿದೆ. ಗೂಗಲ್ ಫೋಟೋಸ್ ಇಟ್ಟುಕೊಂಡವರು ಜಾಗ್ರತೆ. ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ಅಳಿಸಿದರೆ ಇಂಟರ್ನೆಟ್ಟಿನಲ್ಲಿ ಉಳಿಸಿಟ್ಟ ಪ್ರತಿಯೂ ಹೋಗುತ್ತದೆ. ಫೋನಿನದಷ್ಟೇ ತೆಗೆಯಲು ಜಾಗ ಖಾಲಿ ಮಾಡುವ ಆಯ್ಕೆ ಬೇರೆ ಇದೆ.

ಕ್ಲೀನರ್ ಅಂತ ಒಂದು ಆ್ಯಪ್ ಯಾರೋ ಹಾಕಿಕೊಟ್ಟಿದ್ದರು. ನಡುನಡುವೆ ಜಾಹೀರಾತು ಬರುತ್ತಿದ್ದದ್ದು ಅದರಿಂದಲೇ. ತೆಗೆದುಹಾಕಿದೆ, ನಿಂತಿತು.

ಕಾಲ್ ಬಂದಾಗ ಸ್ಕ್ರೀನ್ ಕಪ್ಪಾಗಿ ಕಟ್ ಮಾಡಲು ಆಗುವುದಿಲ್ಲ ಅನ್ನುತ್ತಿದ್ದಳು. ಕಿವಿ ಹತ್ತಿರ ಬಂತಾ ಅಂತ ನೋಡುವ ಸೆನ್ಸರ್ ಮೇಲ್ಗಡೆ ಇರುತ್ತದೆ. ಟೆಂಪರ್ಡ್ ಗ್ಲಾಸಿನ ಅಡಿ ಅಲ್ಲೇ ಧೂಳು ಕೂತಿತ್ತು. ಗ್ಲಾಸ್ ಕಿತ್ತೆ, ಸರಿಹೋಯಿತು. ನನ್ನ ಮಾತು ಯಾರಿಗೂ ಕೇಳಲ್ಲ ಅಂತ ಅಮ್ಮ ಹೇಳುತ್ತಿದ್ದದ್ದಕ್ಕೆ ರೆಕಾರ್ಡರಿನಲ್ಲಿ ಎರಡು ಮಾತು ಆಡಿಸಿ ಕೇಳಿದೆ. ಅದರಲ್ಲೂ ಮಂಕಾಗಿತ್ತು, ಹಾಗಾಗಿ ನೆಟ್‌ವರ್ಕಿನ ತಪ್ಪಲ್ಲ. ಮೈಕಿನ ತೂತು ಪಿನ್ನಿನ ಪಕ್ಕದಲ್ಲೇ ಇದೆ, ಅಲ್ಲೂ ಅದೇ ನೂಲು. ಮೆತ್ತನೆ ಬ್ರಷ್ ಸಾಕಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಈ ಫೋನಿಗೆ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿವೆ. ಅದನ್ನು ಯಾವ ಹಲ್ಲುಕಡ್ಡಿಯೂ ಸರಿ ಮಾಡುವುದಿಲ್ಲ. ಬ್ಯಾಂಕಿನ ಆ್ಯಪ್ ತೆಗೆಸಿದೆ. ಅಮ್ಮನ ದುಡ್ಡಿನ ಕೆಲಸ ಈಗ ತಮ್ಮ ಅವಳೆದುರೇ ಕೂತು ತನ್ನ ಫೋನಿನಲ್ಲಿ ಮಾಡಿಕೊಡುತ್ತಾನೆ. ಅಮ್ಮನಿಗೆ ಸ್ವಲ್ಪ ಬೇಸರವಾಯಿತು, ನಿಜ. ಆದರೂ ನಾನು ಬಿಡಲಿಲ್ಲ.

ಹೊರಡುವ ದಿನ ಅಮ್ಮ ಹಳೇ ರವಿಕೆಯ ನುಣುಪು ಬಟ್ಟೆಯಲ್ಲಿ ಫೋನಿಗೊಂದು ಚೀಲ ಹೊಲಿದಿದ್ದಳು, ನೂಲು ಬಿಡದಂಥ ಬಟ್ಟೆ. ಚಾರ್ಜರ್ ನಡುಮನೆಯ ಪ್ಲಗ್ಗಿಗೆ ಬಂದಿತ್ತು. ನಾನು ಬೆಂಗಳೂರು ಮುಟ್ಟಿದ ಮರುದಿನ ರಾತ್ರಿ ಒಂಬತ್ತಕ್ಕೆ ಕಾಲ್ ಬಂತು, ಅವಳದೇ ನಂಬರಿನಿಂದ.

"ಬೆಳಿಗ್ಗೆ ತೆಗೆದಿದ್ದು ಮಾರಾಯ್ತಿ, ಇನ್ನೂ 62 ಇದೆ. ಚಿಕ್ಕಮ್ಮನ ಫೋನೂ ತಂದಿಟ್ಕೊಂಡಿದೀನಿ. ನೀನು ಮತ್ತೆ ಯಾವಾಗ ಬರ್ತೀಯ?"